ನೀಲಿ ಬರುವವರೆಗೆ

ಎತ್ತಿಗಾದರೆ ಹಲ್ಲು, ಇದಕ್ಕೆ ಎಣ್ಣೆ,
ಅಂದ ಕಪಂಬ್ವೆ, ಲುವಾನ್ಶ್ಯದ ಮುಚ್ಚಿದ ಗಣಿಯ ಹಿಂದೆ
ಮೊಳಕಾಲುದ್ದ ಹುಲ್ಲಿನಲ್ಲಿ ನಿಂತು.
ಹನ್ನೊಂದು ಟ್ರಾನ್ಸ್‌ಫಾರ್ಮರು. ಒಂದರ ತಲೆಯ ಮೇಲೆ ಹಕ್ಕಿಗೂಡು,
ಒಂದರ ಹೊಟ್ಟೆ ಖಾಲಿ: ರಾತ್ರೋರಾತ್ರಿ ಯಾರೋ
ಎಣ್ಣೆ ಬಸಿದು, ಪೇಟೆಯಲ್ಲಿ
ಮೀನು ಹುರಿಯುವವರಿಗೆ ಮಾರಿದರಂತೆ.
ತಿಂದವರು? ಕೇಳಿದೆ.
ತಿಂದರು, ಅಂದ.

ನನಗೆ ಬೇಕಾದದ್ದು ನೂರು ಕೆವಿಎ.
ಜೋಳದ ಹಿಟ್ಟಿನ ಗಿರಣಿ ಒಂದು,
ಅದರ ಬೆನ್ನಿಗೆ ಬಿದ್ದ ನಲವತ್ತು ಮನೆ.
ಕಪಂಬ್ವೆ ತಟ್ಟಿ ನೋಡಿದ, ಮೆಗ್ಗರ್ ತಿರುವಿದ;
ಎರಡರಲ್ಲಿ ಮುಳ್ಳು ಏಳಲೇ ಇಲ್ಲ.
ಮೂರನೆಯದರ ಎಣ್ಣೆ ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿದ:
ತೆಳು ಕಷಾಯದ ಬಣ್ಣ. ಮೂಸಿದ. ಸುಟ್ಟ ವಾಸನೆಯಿಲ್ಲ.
ಮುದುಕಿ, ಆದರೆ ಹೊಟ್ಟೆ ಸರಿಯಿದೆ.

ಮಾರುವ ಸಿಚೋನೆಯದು ತಕ್ಕಡಿಯ ಮಾತು.
ಲಂಡನ್ನಿನಲ್ಲಿ ಇವತ್ತು ತಾಮ್ರ ಎಷ್ಟು ಗೊತ್ತೇನಮ್ಮ?
ಒಡೆದು ಮಾರಿದರೇ ನನಗೆ ಲಾಭ.
ಇದರೊಳಗಿನ ತಾಮ್ರ, ಅಂದೆ ನಾನು,
ನಮ್ಮಪ್ಪನೇ ಕೆಳಗಿಂದ ಮೇಲೆತ್ತಿದ್ದಿರಬಹುದು.
ಎಲ್ಲರೂ ಹಾಗೇ ಅನ್ನುತ್ತಾರೆ, ನಕ್ಕ.
ಫಲಕದ ತುಕ್ಕು ಒರೆಸಿ ಓದಿದೆವು.
ಯಾವುದೋ ಚಳಿದೇಶದ ಊರು, ಇಸವಿ ಎಪ್ಪತ್ತನಾಲ್ಕು.
ಅಪ್ಪ ಗಣಿಗಿಳಿದದ್ದು ಎಪ್ಪತ್ತೊಂಬತ್ತರಲ್ಲಿ.
ಬಾಯಿ ಮುಚ್ಚಿಕೊಂಡು ಕ್ವಾಚಾ ಎಣಿಸಿದೆ.

ಈಗ ಮುದುಕಿ ಗಿರಣಿಯ ಹಿಂದೆ ಕಟ್ಟೆಯ ಮೇಲೆ,
ಸುತ್ತ ಕಬ್ಬಿಣದ ಪಂಜರ, ಮೂರು ಬೀಗ,
ನಾಲ್ಕನೆಯದು ನನ್ನ ನಿದ್ದೆ.
ಹಿಟ್ಟಿನ ಧೂಳು ಪಿಂಗಾಣಿಯ ಮೇಲೆ ಕೂರುತ್ತದೆ;
ತಿಂಗಳಿಗೊಮ್ಮೆ ಲೈನು ತೆಗೆಸಿ, ಕಪಂಬ್ವೆ ಎರಡು ಸಲ ಹೂಂ ಅಂದ ಮೇಲೆ
ಹಳೆ ಬನಿಯನ್ನಿನಿಂದ ಒರೆಸುತ್ತೇನೆ.
ಗ್ಯಾಸ್ಕೆಟ್ಟಿನ ಹತ್ತಿರ ಒಂದು ಹನಿ ಜಿನುಗುತ್ತದೆ, ಯಾವಾಗಲೂ ಒಂದೇ.

ಉಸಿರಾಡಲು ಅದಕ್ಕೊಂದು ಕೊಳವೆ,
ಕೊಳವೆಯ ತುದಿಗೆ ಗಾಜಿನ ಬಟ್ಟಲು, ನೀಲಿ ಹರಳು.
ಮಳೆಗಾಲದ ತೇವ ಹೀರಿ ಹೀರಿ ಹರಳು ಗುಲಾಬಿಯಾದಾಗ
ಬಟ್ಟಲು ಬಿಚ್ಚಿ, ಅಂಗಳದ ಇದ್ದಿಲೊಲೆಯ ಮೇಲೆ ಹುರಿಯುತ್ತೇನೆ,
ಕಡಲೆಕಾಯಿ ಹುರಿದ ಹಾಗೆ, ಕೈಯಾಡಿಸುತ್ತ.
ಆ ಬಾಣಲೆಯೇ ಬೇರೆ; ಅದರಲ್ಲಿ ಅಡುಗೆಯಿಲ್ಲ.

ಕಸೋಂಡೆ ದೂರ ಕೂತು ಕೇಳುತ್ತಾಳೆ,
ಆಯಿತು ಅಂತ ಹೇಗೆ ಗೊತ್ತಾಗುತ್ತೆ?
ಮೊದಲು ಅಂಚಿನಲ್ಲೊಂದು ಹರಳು.
ಆಮೇಲೆ ಅದರ ಪಕ್ಕದ್ದು.
ನೋಡ್ತಾ ಇರು, ಅನ್ನುತ್ತೇನೆ, ಉರಿ ಜಾಸ್ತಿ ಮಾಡಬೇಡ.
ಕಪ್ಪಾದರೆ
ಮತ್ತೆ ಏನನ್ನೂ ಹೀರುವುದಿಲ್ಲ.