ಒಳಗೆ ಬಿಟ್ಟ ಬಟ್ಟೆ

ಹೆಸರು ಶೇಕ್ಷಾವಲಿ, ಬಳ್ಳಾರಿ ಕೌಲ್ ಬಜಾರಿನ ಕಟಿಂಗ್ ಮಾಸ್ತರ.
ನಲವತ್ತೊಂದು ವರ್ಷ ಮಂದಿಯ ಸೊಂಟ, ಸೀಟು, ತೊಡೆ
ಬೀಡಿ ಕಟ್ಟಿನ ಹಿಂಬದಿಗೆ ಬರೆದುಕೊಂಡೆ.
ನನ್ನ ಅಳತೆ ಯಾರೂ ತೆಗೆದಿರಲಿಲ್ಲ

ಈ ಹುಡುಗಿಯ ತನಕ. ಹುಲಿಗೆಮ್ಮ, ಗಂಗಾವತಿ ಕಡೆಯವಳು,
ನನ್ನ ಕಿರಿಮಗಳಿಗಿಂತ ಎಳೆಯಳು.
"ಲುಂಗಿ ಸ್ವಲ್ಪ ಕೆಳಗ, ಅಜ್ಜಾ" ಅಂದಳು.
ಗೋಡೆಯಿಂದ ಬಂದ ಹಸಿರು ಗೆರೆ ಹೊಟ್ಟೆಯ ಮೇಲೆ ಬಾಗಿ ನಿಂತಿತು.
ಸೂಜಿಯಲ್ಲಿ ಮೂರು ಚುಕ್ಕೆ:
ಎಡ ಸೊಂಟಕ್ಕೊಂದು, ಬಲಕ್ಕೊಂದು, ನಡುವೆ ಒಂದು.
ನನ್ನ ಚಾಕಿನ ಗುರುತು ಒಂದೇ ಒಗೆತಕ್ಕೆ ಹೋಗುತ್ತಿತ್ತು.
ಇದು ಕಲ್ಲು ಹಾಕಿ ತಿರುವಿದರೂ ಹೋಗದಂತೆ.

ಡಾಕ್ಟರು ಕಾಗದದ ಮೇಲೆ ನೆಲ್ಲಿಕಾಯಿಯಷ್ಟು ಪ್ರೊಸ್ಟೇಟ್ ಬರೆದರು.
"ರೋಗ ಇದರೊಳಗೇ ಇದೆ. ಸ್ಕ್ಯಾನಿನಲ್ಲಿ ಹೊರಗೇನೂ ಕಾಣುತ್ತಿಲ್ಲ."
ಆಮೇಲೆ ಪೆನ್ನು ಎತ್ತದೆ ಇನ್ನೊಂದು ಗೆರೆ, ಅಗಲವಾಗಿ,
ಕಿಬ್ಬೊಟ್ಟೆಯ ಇಬ್ಬದಿಗೆ ಮಣಿಸರದಂತೆ ಕೂತ
ಪುಟ್ಟ ಗಂಟುಗಳನ್ನೂ ಸೇರಿಸಿ.
"ನಿಮ್ಮ ರಕ್ತದ ನಂಬರು ಜಾಸ್ತಿ. ಕಾಣದ್ದು ಇಲ್ಲಿ ಅಡಗಿರಬಹುದು.
ಇಲ್ಲದೆಯೂ ಇರಬಹುದು.
ಇಷ್ಟಗಲ ಕೊಟ್ಟರೆ ಕರುಳು ಸ್ವಲ್ಪ ನೋಯುತ್ತದೆ.
ಎಲ್ಲ ಡಾಕ್ಟರೂ ಇದಕ್ಕೆ ಒಂದೇ ಮಾತು ಹೇಳುವುದಿಲ್ಲ."

ತಿಳಿಯಿತು. ಮಾರ್ಜಿನ್.
ಬೆಳೆಯುವ ಹುಡುಗನ ಪ್ಯಾಂಟಿಗೆ ಒಳಗೆ ಅರ್ಧ ಇಂಚು ಬಿಡುತ್ತೇವೆ,
ಮುಂದಿನ ರಂಜಾನಿಗೆ ಬಿಚ್ಚಲಿ ಎಂದು.
ಬೆಳೆಯಬಾರದ್ದಕ್ಕೆ ಬಿಟ್ಟದ್ದು ಇದೇ ಮೊದಲು.
"ಎಷ್ಟು ಬಿಡಬೇಕು ಅಂತ ನಾನು ಗಿರಾಕಿಯನ್ನ ಕೇಳಿದವನಲ್ಲ ಸಾರ್" ಅಂದೆ.
ಅವರು ನಕ್ಕರು, ಪೆನ್ನು ಮಾತ್ರ ಕೆಳಗಿಡಲಿಲ್ಲ.
ಅಗಲವೇ ಇರಲಿ ಅಂದೆ.

ಉಚ್ಚೆಚೀಲ ತುಂಬಿರಬೇಕು.
ತುಂಬಿದ ಚೀಲ ಕರುಳನ್ನು ಕಿರಣದ ದಾರಿಯಿಂದ ಮೇಲೆತ್ತಿ ಹಿಡಿಯುತ್ತದೆ.
ಅರ್ಧ ಲೀಟರು ಕುಡಿದು ಕೂರುತ್ತೇವೆ ಐದಾರು ಗಂಡಸರು,
ಕಾಲು ಅದುಮಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ.
ಸಿರುಗುಪ್ಪದ ಪಂಪನಗೌಡರು ಅಂದರು:
"ಹತ್ ದಿನಕ್ಕೊಮ್ಮೆ ನಳ ಬರೋ ಊರು ನಿಮ್ದು,
ತುಂಬಿಸಿ ಇಟ್ಕೊಳ್ಳಾದು ನಿಮಗ ಹೇಳಿಕೊಡಬೇಕೇನ್ರೀ?"
ನಕ್ಕರೆ ಕೆಟ್ಟೆವು. ಯಾರೂ ನಗಲಿಲ್ಲ.

ಒಳಗೆ ಯಂತ್ರ ಸುತ್ತುತ್ತದೆ, ಮುಟ್ಟುವುದಿಲ್ಲ.
ಇನ್ನೂರು ಪದರ ಡೆನಿಮ್ ಒಂದೇ ಏಟಿಗೆ ಕೊಯ್ಯುವ ಬ್ಲೇಡು ಕಂಡಿದ್ದೇನೆ.
ಮೇಲಿನ ಪದರಕ್ಕೆ ಗೀರು ಬೀಳದೆ ಒಳಗಿನದನ್ನು ಕೊಯ್ಯುವುದು
ಯಾವ ಉಸ್ತಾದನೂ ಕಲಿಸಿರಲಿಲ್ಲ.

ಮೂರು ತಿಂಗಳಿಗೊಂದು ಇಂಜೆಕ್ಷನ್ ಬೇರೆ. ಕಿವಿತನಕ ಬೆಂಕಿ ಏರುತ್ತದೆ.
ಬೇಸಿಗೆ, ಕಡುಬೇಸಿಗೆ, ಎರಡೇ ಕಾಲದ ಊರು;
ಬೆವರಿದರೆ ಯಾರೂ ಏನೆಂದು ಕೇಳುವುದಿಲ್ಲ.
ರಾತ್ರಿಯ ಸಂಗತಿ ಕಾಸೀಂಬಿಗೆ ಗೊತ್ತು. ಅವಳೂ ಕೇಳುವುದಿಲ್ಲ.
"ಸೊಂಟ ನೋವು, ಕರೆಂಟ್ ಕೊಡಿಸ್ತಿದಾರೆ" ಅಂದಿದ್ದಾಳೆ ಓಣಿಯವರಿಗೆ.
ಮಿರ್ಚಿ ಬಿಟ್ಟೆ. ಒಗ್ಗರಣೆ ಮಂಡಕ್ಕಿ ಬಿಟ್ಟೆ. ಉರಿ ನನ್ನನ್ನು ಬಿಡಲಿಲ್ಲ.
ಮೋತಿ ಸರ್ಕಲ್ ದಾಟುವಷ್ಟರಲ್ಲಿ ಎರಡು ಸಲ ಆಟೋ ನಿಲ್ಲಿಸುತ್ತೇನೆ.

ಇವತ್ತು ಇಪ್ಪತ್ಮೂರನೆಯದು.
ಇಂಜೆಕ್ಷನ್ನಿಗೆ ಸೊಂಟ ದಪ್ಪವಾಗಿ ಪ್ಯಾಂಟು ಏರುತ್ತಿಲ್ಲ.
ಕಾಸೀಂಬಿ ಹಿಂದಿನ ಹೊಲಿಗೆ ಬಿಚ್ಚಿದಳು.
ಒಳಗೆ ಅರ್ಧ ಇಂಚು.
ಯಾವ ವರ್ಷ ಬಿಟ್ಟಿದ್ದೆನೋ, ನನಗೇ, ನೆನಪಿಲ್ಲ.
ಬಿಸಿಲು ಕಾಣದ ಆ ಪಟ್ಟಿ
ಥಾನಿನಿಂದ ಕತ್ತರಿಸಿದ ದಿನದಷ್ಟೇ ಕಡು ನೀಲಿ.