ಎಡಕ್ಕೆ ಮಾತ್ರ ತಿರುಗುವ ಬಳೆ

ಮಧ್ಯಾಹ್ನ ಮೂರೂವರೆ. ಸ್ಟಾವಾಂಗರ್ ಬಂದರಿನಲ್ಲಿ
ಆಗಲೇ ದೀಪ ಹತ್ತಿತ್ತು.
ತೋರುನ್ ಬಂದಳು, ಉಣ್ಣೆಯ ಕಾಲುಚೀಲದೊಳಗೆ
ಅಪ್ಪನ ಗಡಿಯಾರ ತುರುಕಿಕೊಂಡು.
‘ಓಡುತ್ತಿಲ್ಲ. ಮಾರಬೇಕಾದರೆ ಓಡಲೇಬೇಕೇ?’

ಬೇಕಿಲ್ಲ, ತಾಯಿ. ಜಿನೀವಾದವರು ಈಗ
ಗಾಯಕ್ಕೆ ದುಡ್ಡು ಕೊಡುತ್ತಾರೆ.
ಕಪ್ಪು ಮುಖ ಕಂದಿ ಕಾಫಿಬಣ್ಣವಾಗಿದ್ದರೆ ಒಂದು ಬೆಲೆ,
ಕತ್ತಲಲ್ಲಿ ಹೊಳೆಯುತ್ತಿದ್ದ ಚುಕ್ಕಿಗಳು ಸತ್ತು
ಹಳೆ ಬೆಣ್ಣೆಯ ಹಾಗೆ ಹಳದಿಯಾಗಿದ್ದರೆ ಅದರ ದುಪ್ಪಟ್ಟು.
ಉಜ್ಜಿದಿರೋ, ಕೆಟ್ಟಿರಿ.

ಹಿಂಬದಿಯ ಮುಚ್ಚಳ ತಿರುಪಿದೆ.
ರಬ್ಬರಿನ ಉಂಗುರ ಕರಗಿ ಡಾಂಬರಾಗಿತ್ತು.
ಮುಚ್ಚಳದ ಒಳಮೈಯಲ್ಲಿ, ಭೂತಗನ್ನಡಿಗೆ ಮಾತ್ರ ಕಾಣುವ ಗೀರು:
ನಮ್ಮ ಕಸುಬಿನ ಕಟ್ಟಳೆ ಅದು,
ತೆರೆದವನು ತಾರೀಖು ಗೀರಿಯೇ ಮುಚ್ಚಬೇಕು.
ಗಿರಾಕಿಗೆ ಗೊತ್ತೇ ಇರುವುದಿಲ್ಲ,
ತನ್ನ ನಾಡಿಯ ಮೇಲೆ ಇಷ್ಟು ಬರಹ ಒತ್ತಿಕೊಂಡಿದೆ ಎಂದು.

ಎಪ್ಪತ್ತೆರಡು, ಗಾಜು.
ಎಪ್ಪತ್ತನಾಲ್ಕು, ಗಾಜು.
ಎಪ್ಪತ್ತಾರು, ಮತ್ತೆ ಗಾಜು.
ಕೈ ನನ್ನ ಗುರು ಹಾಲ್ವಾರ್ಡನದೇ, ಏಳರ ಸೊಂಟಕ್ಕೆ
ಅಡ್ಡಗೆರೆ ಎಳೆಯುವ ಚಾಳಿ.
ಆಮೇಲೆ ಏನೂ ಇಲ್ಲ.

‘ಮೂರು ಸಲ ಒಡೆದುಕೊಂಡಿದ್ದಾರೆ ನಿಮ್ಮಪ್ಪ.’
‘ಒಡೆದದ್ದಲ್ಲ, ಹಾರಿದ್ದು.’

ಹೌದು, ಆ ಕಾಲ. ಕಡಲ ತಳದಲ್ಲಿ ಎಣ್ಣೆ ಸಿಕ್ಕಿತ್ತು.
ಹಡಗಿನ ಹೊಟ್ಟೆಯ ಉಕ್ಕಿನ ಪೀಪಾಯಿಯೊಳಗೆ ಆರು ಗಂಡಸರು,
ಮೂರು ವಾರ, ಉಸಿರಿಗೆ ಹೀಲಿಯಂ ಬೆರೆತ ಗಾಳಿ.
ನೀರು ನುಗ್ಗಲಾರದ ಸಂದಿಯಲ್ಲಿ ಹೀಲಿಯಂ ನುಗ್ಗುತ್ತದೆ,
ಬಾಗಿಲು ತಟ್ಟುವುದಿಲ್ಲ.
ಕೂತ ಮೇಲೆ ಏಳಲು ಅವಸರವೂ ಇಲ್ಲ.
ಕೆಲಸ ಮುಗಿದು ಒತ್ತಡ ಇಳಿಸುತ್ತಾರೆ, ದಿನಕ್ಕೆ ಇಷ್ಟೇ ಮೀಟರ್ ಎಂದು,
ಬಾಣಂತಿಯನ್ನು ನಡೆಸಿದ ಹಾಗೆ.
ನಾಲ್ಕನೆಯ ದಿನ ಊಟದ ನಡುವೆ
ಟಪ್ ಎಂದು ಗಾಜು ಹಾರಿ ಸೂಪಿನ ಬಟ್ಟಲಿಗೆ ಬೀಳುತ್ತದೆ.

ಕವಾಟವಿರುವ ಗಡಿಯಾರಗಳು ಬಂದಿದ್ದವು,
ಪಕ್ಕೆಯಲ್ಲೊಂದು ಸಾಸಿವೆಯಷ್ಟು ಬಾಗಿಲು.
ಇದು ಅಗ್ಗದ್ದು. ಇದಕ್ಕಿಲ್ಲ.

‘ಒಳಗಿನಿಂದ ಫೋನ್ ಮಾಡುತ್ತಿದ್ದ’ ಎಂದಳು ತೋರುನ್.
‘ಹೀಲಿಯಂ ಗಂಟಲು, ಬಾತುಕೋಳಿಯ ದನಿ.
ನಾನೂ ತಮ್ಮನೂ ಇನ್ನೊಮ್ಮೆ, ಇನ್ನೊಮ್ಮೆ ಅಂತ ಕಾಡುತ್ತಿದ್ದೆವು.
ಯೋಸ್ಟೈನ್ ಸತ್ತದ್ದನ್ನೂ ಅದೇ ದನಿಯಲ್ಲಿ ಹೇಳಿದ.
ನಕ್ಕೆವು.
ಅಮ್ಮ ಫೋನ್ ಕಿತ್ತುಕೊಳ್ಳುವವರೆಗೂ ನಕ್ಕೆವು.’

ನಾನು ಏನು ಹೇಳಲಿ. ಹೊರಬಳೆಯನ್ನು ಹಿಡಿದು ನೋಡಿದೆ.
ಬಿಗಿದಿತ್ತು. ಇದು ಎಡಕ್ಕೆ ಮಾತ್ರ ತಿರುಗುವ ಬಳೆ.
ಬಂಡೆಗೆ ತಾಗಿ ಜರುಗಿದರೂ
ಉಳಿದ ಉಸಿರನ್ನು ಕಮ್ಮಿಯೇ ತೋರಿಸಬೇಕು,
ಹೆಚ್ಚು ತೋರಿಸಕೂಡದು.
ತಪ್ಪುವುದಾದರೂ ಬದುಕುವ ಕಡೆಗೆ ತಪ್ಪು ಎಂದು
ಯಾವನೋ ಪುಣ್ಯಾತ್ಮ ಹಲ್ಲು ಕೊರೆದಿದ್ದಾನೆ.

‘ಕೆಲಸ ಬಿಟ್ಟ ಮೇಲೆ ಅದು ಅಡುಗೆಮನೆಯ ಬಳೆ.
ಮೊಟ್ಟೆಗೆ ನಾಲ್ಕು, ಕಾಡ್ ಮೀನಿಗೆ ಹನ್ನೆರಡು.
ಶನಿವಾರ ಸ್ನಾನದ ತೊಟ್ಟಿಯಲ್ಲಿ ನಾನು ಮುಳುಗುವುದು,
ಎಷ್ಟು ಹೊತ್ತು ಅಂತ ಅಪ್ಪ ನೋಡುವುದು.
ನಾನು ಒಳಗೆ ಅರವತ್ತು ಎಣಿಸಿರುತ್ತಿದ್ದೆ.
ಎದ್ದರೆ ಅವನು ನಲವತ್ತೊಂದು ಅನ್ನುತ್ತಿದ್ದ.
ಪ್ರತಿಸಲ ಕಮ್ಮಿಯೇ. ಜಗಳ ಆಡಿದ್ದೇನೆ.’

ತೆಳು ಚಾಕು ಹಾಕಿ ಬಳೆ ಮೀಟಿದೆ.
ಅಡಿಯಲ್ಲಿ ಬೆಳ್ಳಗೆ ಗಟ್ಟಿಯಾದ ಪುಡಿ.
ಕಡಲಿನ ಉಪ್ಪೋ, ಶನಿವಾರದ ಸೋಪೋ.
ನಾಲಿಗೆಗೆ ಮುಟ್ಟಿಸಿದ್ದರೆ ತಿಳಿಯುತ್ತಿತ್ತು.
ಬ್ರಷ್ಷನ್ನು ಡಬ್ಬಿಗೆ ಹಾಕಿ ಬಳೆಯನ್ನು ಹಾಗೇ ಕೂರಿಸಿದೆ.

ಎಣ್ಣೆ ಬಿಟ್ಟೆ, ಹೊಸ ಉಂಗುರ ಇಟ್ಟೆ.
ಸೆಕೆಂಡಿನ ಮುಳ್ಳು ಒಮ್ಮೆ ಅನುಮಾನಿಸಿ ನಡೆಯಿತು.
ಮುಚ್ಚುವ ಮೊದಲು ಗುರುವಿನ ಸಾಲುಗಳ ಕೆಳಗೆ
ಇವತ್ತಿನ ತಾರೀಖು ಗೀರಿದೆ.
ಪಕ್ಕದಲ್ಲಿ: ಗಾಜು ಇದ್ದಲ್ಲೇ ಇದೆ.