ಗೆರೆಯ ಕೆಳತುದಿ

ಮೊದಲು ಗೊತ್ತಿರುವುದನ್ನು ಇಡಬೇಕು, ವಾಖೋ.
ಅರ್ಧ, ಒಂದು, ಎರಡು, ಐದು, ಹೀಗೆ ಮೂವತ್ತರವರೆಗೆ
ನನ್ನ ಕೈಯಾರೆ ತೂಗಿ ಬೆರೆಸಿದ ಎಂಟು ಸುಳ್ಳು ರೋಗಿಗಳು.
ಅವರ ಪ್ಲಾಸ್ಮಾ ಯಾವನೋ ಆರೋಗ್ಯವಂತನದು,
ಗೋರಿಯಲ್ಲೋ ರುಸ್ತಾವಿಯಲ್ಲೋ ಒಂದು ಬೆಳಿಗ್ಗೆ ತೋಳು ಚಾಚಿ
ಬಿಸ್ಕತ್ತು ತಿಂದು ಮನೆಗೆ ಹೋದವನು.
ಮೈಯಲ್ಲಿ ಔಷಧಿ ಇರಲಿಲ್ಲ,
ಅಷ್ಟೇ ಅವನು ಮಾಡಿದ ಉಪಕಾರ.

ಎಂಟು ಶಿಖರಗಳ ನಡುವೆ ಗೆರೆಯೊಂದು ಹಾದುಹೋಗುತ್ತದೆ.
ದೊಡ್ಡ ಸಂಖ್ಯೆಗಳಿಗೆ ಗಂಟಲು ದೊಡ್ಡದು; ಬಿಟ್ಟರೆ
ಗೆರೆಯನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತವೆ.
ಅದಕ್ಕೇ ಈ ಲೆಕ್ಕ: ಸಾಂದ್ರತೆಯ ವರ್ಗದಿಂದ ಒಂದನ್ನು ಭಾಗಿಸು.
ಅರ್ಧದ ಪಿಸುಮಾತಿಗೆ ಮೂವತ್ತರ ಕೂಗಿಗಿಂತ
ಮೂರು ಸಾವಿರದ ಆರುನೂರು ಪಾಲು ಮನ್ನಣೆ.
ಇನ್ನೆಲ್ಲೂ ಹೀಗೆ ನಡೆದದ್ದು ನಾನು ಕಂಡಿಲ್ಲ.

ಆಮೇಲೆ ಗೊತ್ತಿಲ್ಲದವನು ಬರುತ್ತಾನೆ. ನಳಿಕೆ ನೂರಾ ಹದಿನೇಳು.
ಅವನು ಎತ್ತರ ಮಾತ್ರ ಕೊಡುತ್ತಾನೆ.
ತಳದ್ದನ್ನು ಕಳೆ, ಇಳಿಜಾರಿನಿಂದ ಭಾಗಿಸು,
ಬಂದ ದಾರಿಯಲ್ಲೇ ಹಿಂದಕ್ಕೆ ನಡೆ.
ನಡೆದೆ. ಗೆರೆ ಮುಗಿಯಿತು, ಅವನು ಸಿಗಲಿಲ್ಲ.
ಅರ್ಧಕ್ಕೂ ಕೆಳಗೆ, ಹುಲ್ಲಿನಷ್ಟು ಒಂದು ಉಬ್ಬು.
ಪಕ್ಕದಲ್ಲಿ ನಾವೇ ಹಾಕಿದ ಅವಳಿ ಅಣು,
ಮೂರು ಹೈಡ್ರೋಜನ್ ಭಾರವಾದದ್ದು, ನೆಟ್ಟಗೆ ನಿಂತಿದೆ.
ಹಾಗಾದರೆ ಯಂತ್ರದ ತಪ್ಪಲ್ಲ, ನನ್ನ ಕೈಯದೂ ಅಲ್ಲ.

ವಾರ್ಡಿನ ಚೀಟಿ ಹೇಳುತ್ತದೆ:
ಎಂಟಕ್ಕೆ ಮಾತ್ರೆ ಕೊಟ್ಟಿದೆ. ಹತ್ತಕ್ಕೆ ರಕ್ತ ತೆಗೆದಿದೆ.
ನಡುವಿನ ಎರಡು ಗಂಟೆಯನ್ನು ಯಾರೂ ಬರೆದಿಲ್ಲ.

ಡಾಕ್ಟರ್ ನಾತೆಲಾ ಫೋನಿನಲ್ಲಿ:
"ಕಣ್ಣಳತೆಯಲ್ಲಿ ಹೇಳು ಲಮಾರಾ, ಸೊನ್ನೆ ಎನ್ನಲೇ?"
ಸೊನ್ನೆ ಅಲ್ಲ. ಸೊನ್ನೆ ನನ್ನ ಗೆರೆಯಲ್ಲೇ ಇಲ್ಲ.
ಏನೋ ಇದೆ; ಎಷ್ಟು ಎನ್ನುವ ಹಕ್ಕು ನನಗಿಲ್ಲ.
ಬರೆದುಕೊಟ್ಟೆ: ಮಿತಿಗಿಂತ ಕಡಿಮೆ.

ಈ ಮಾತ್ರೆ ತಿಂಗಳುಗಟ್ಟಲೆ ತಿಂದರೆ ಪಾದ ಉರಿಯುತ್ತದೆ, ವಾಖೋ.
ನನ್ನಣ್ಣ ಜುಂಬೇರ್ ಜನವರಿಯಲ್ಲಿ
ಮ್ಟ್ಕ್ವರಿಯ ನೀರಿಗೆ ಕಾಲಿಳಿಬಿಟ್ಟು ಕೂರುತ್ತಿದ್ದ.
ಮಾತ್ರೆಗಳು ಅಕ್ರೋಟಿನ ಚಿಪ್ಪುಗಳಲ್ಲಿ ಸಿಕ್ಕವು,
ಅವನು ಹೋದ ಮೇಲೆ,
ಎರಡು ಹೋಳು ಅಂಟಿಸಿ, ಏನೂ ಆಗದ ಹಾಗೆ.
ಅವನ ರಕ್ತವನ್ನು ಯಾರೂ ಯಾವ ಗೆರೆಗೂ ಹಿಡಿದಿರಲಿಲ್ಲ.

ನಾಳೆಗೆ ಪ್ಲಾಸ್ಮಾ ಕರಗಲು ಇಡು. ಈ ವರದಿ ಮೇಲಕ್ಕೆ ಒಯ್ಯಿ.
ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿದ್ದೇನೆ,
ನಮ್ಮ ಯಾವ ನಿಯಮದಲ್ಲೂ ಇಲ್ಲದ್ದು:
ಅವನನ್ನು ಬೈಯುವ ಮೊದಲು
ಪಾದ ಹೇಗಿದೆ ಎಂದು ಕೇಳಿ.